ಹಲಗೆಯ ಮೇಲಿನ ನಾಲ್ಕೂವರೆ

ಮುನಿರಾಜಪ್ಪನ ಜೀವನಚರಿತ್ರೆ ಬರೆಯಲು ಕೂತರೆ ಅರ್ಧ ಪುಟ ತುಂಬುವುದೂ ಕಷ್ಟ. ಮಧ್ಯಾಹ್ನ ಎರಡಕ್ಕೆ ಮೋಟಾರು ಹಾಕಿದ, ಸಂಜೆ ಏಳಕ್ಕೆ ಆರಿಸಿದ. ಹೀಗೇ ಮೂವತ್ತೊಂದು ವರ್ಷ. ನಡುವೆ ಮದುವೆಯಾದ, ಮಗಳು ಯಮುನಾಳನ್ನು ಓದಿಸಿ ಹೊಸಕೋಟೆಗೆ ಕೊಟ್ಟ, ಎರಡೂ ಮೊಣಕಾಲು ಸವೆಸಿಕೊಂಡ. ಇನ್ನು ಆರು ತಿಂಗಳಿಗೆ ನಿವೃತ್ತಿ. ಅವನನ್ನೇ ಕೇಳಿದ್ದರೂ ಇದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಆದರೆ ಈ ಅರ್ಧ ಪುಟದಲ್ಲಿ ಅವನು ಯಾವಾಗಲೂ ಹಾರಿಸಿಬಿಡುತ್ತಿದ್ದ ಒಂದು ಸಾಲಿತ್ತು. ನಾನು ಹೇಳಹೊರಟಿರುವುದು ಅದನ್ನೇ.

ಅವನ ಕೆಲಸದ ಜಾಗ ಗರುಡಾಚಾರ್‌ಪಾಳ್ಯದ ಹಿಂದಿನ ದಿಣ್ಣೆಯ ಮೇಲೆ. ನೆಲದಡಿ ಒಂದು ದೊಡ್ಡ ಸಂಪು, ಪಕ್ಕದಲ್ಲಿ ಪಂಪ್‌ಹೌಸು, ಅದರ ಹಿಂದೆ ಎಂಟು ಕಂಬಗಳ ಮೇಲೆ ನಿಂತ ಹತ್ತು ಲಕ್ಷ ಲೀಟರಿನ ಓವರ್‌ಹೆಡ್ ಟ್ಯಾಂಕು. ಎರಡು ದಿನಕ್ಕೊಮ್ಮೆ ಕಾವೇರಿ ನೀರು ದೊಡ್ಡ ಪೈಪಿನಲ್ಲಿ ಬಂದು ಸಂಪಿಗೆ ಬೀಳುತ್ತದೆ. ಮುನಿರಾಜಪ್ಪ ಅದನ್ನು ಮೇಲಕ್ಕೆ ಏರಿಸುತ್ತಾನೆ. ಮರುದಿನ ಬೆಳಿಗ್ಗೆ ಐದಕ್ಕೆ ಭೀಮೇಶ ಬಂದು, ಆಳೆತ್ತರದ ಕಬ್ಬಿಣದ ಕೀಲಿ ಹಾಕಿ ವಾಲ್ವ್ ತಿರುಗಿಸಿ, ಬೀದಿ ಬೀದಿಗೆ ನೀರು ಬಿಡುತ್ತಾನೆ. ಹನ್ನೊಂದು ಗಂಟೆಗೆ ಟ್ಯಾಂಕು ಖಾಲಿ.

ಭೀಮೇಶ ಮುನಿರಾಜಪ್ಪನ ಕಾಲೊನಿಯವನೇ, ಮೂವತ್ತೆರಡರ ಪ್ರಾಯ. ಎಂಟು ವರ್ಷದ ಹಿಂದೆ ಅವನ ತಾಯಿ ಮಂಜುಳಮ್ಮ ಬಂದು ಕೇಳಿಕೊಂಡಾಗ, ಕಂಟ್ರಾಕ್ಟರನ ಹತ್ತಿರ ಕರೆದುಕೊಂಡು ಹೋಗಿ, ನನ್ನ ಹುಡುಗ ಎಂದು ಹೇಳಿ ಸೇರಿಸಿದವನು ಮುನಿರಾಜಪ್ಪನೇ. ಭೀಮೇಶ ಅವನನ್ನು ಅಣ್ಣ ಎನ್ನುತ್ತಿದ್ದ. ನೀರು ಬಿಟ್ಟು ಮುಗಿದ ಮೇಲೆ ಕೀಲಿಯನ್ನು ಪಂಪ್‌ಹೌಸಿನಲ್ಲಿ ಒರಗಿಸಿ, ಮುನಿರಾಜಪ್ಪನ ಮನೆಯಲ್ಲಿ ಅವನ ಹೆಂಡತಿ ಗೋವಿಂದಮ್ಮ ಕೊಟ್ಟ ಕಾಫಿ ಕುಡಿದು, ಯಾವ ಬೀದಿಯಲ್ಲಿ ಯಾರು ಬೈದರು ಎಂದು ವರದಿ ಒಪ್ಪಿಸಿ ಹೋಗುತ್ತಿದ್ದ. ನೀರು ಬಿಡುವವನನ್ನು ಜನ ನೆನೆಯುವುದು ನೀರು ಬಾರದ ದಿನ ಮಾತ್ರ. ಬಂದ ದಿನ ಅದು ತಾನಾಗಿಯೇ ಬಂದಿರುತ್ತದೆ. ಇದನ್ನು ಹೇಳಿಕೊಂಡು ಇಬ್ಬರೂ ನಗುತ್ತಿದ್ದರು.

ಮಾರ್ಚಿ ತಿಂಗಳಲ್ಲಿ ಪ್ರಿಯದರ್ಶಿನಿ ಎಂಬ ಇಂಜಿನಿಯರು ಬಂದಳು. ಇಲಾಖೆ ಕರೆಸಿದ ಕನ್ಸಲ್ಟೆಂಟ್ ಕಂಪನಿಯವಳು. ಬೆನ್ಸನ್ ಟೌನಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ಈ ಭಾಗದ ಟ್ಯಾಂಕು, ಪಂಪು, ಪೈಪುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಇದ್ದ ಹಾಗೇ ಕಟ್ಟಿ, ಅದರಲ್ಲಿ ನೀರು ಹರಿಸಿ ನೋಡುವುದು ಅವಳ ಕೆಲಸ. ಬಂದ ಸಾಹೇಬರುಗಳೆಲ್ಲ ಜೀಪಿನಿಂದ ಇಳಿಯದೆ ರಿಜಿಸ್ಟರು ತರಿಸಿಕೊಂಡು ಹೋದದ್ದನ್ನೇ ನೋಡಿದ್ದ ಮುನಿರಾಜಪ್ಪನಿಗೆ, ಈ ಹುಡುಗಿ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪು ತೆರೆದದ್ದೇ ಒಂದು ಆಶ್ಚರ್ಯ. ಅವನ ರಿಜಿಸ್ಟರುಗಳನ್ನು ಅವಳು ಒಂದೊಂದೇ ಪುಟ ತಿರುವಿ, ಎಷ್ಟು ಚೆನ್ನಾಗಿ ಬರೆದಿದ್ದೀರಿ ಅಂಕಲ್ ಎಂದಳು. ಸುಳ್ಳಲ್ಲ. ಮುನಿರಾಜಪ್ಪನ ಅಕ್ಷರ ಅಚ್ಚು ಹಾಕಿದಂತಿತ್ತು. ಕಾಲೊನಿಯ ಬುದ್ಧವಿಹಾರದ ಮೇಲಿನ ಹೆಸರನ್ನೂ ಅವನೇ ಬರೆದದ್ದು.

ಪರದೆಯ ಮೇಲೆ ಅವನ ಟ್ಯಾಂಕು ಒಂದು ಪುಟ್ಟ ಡಬ್ಬಿ, ಅವನ ಮೋಟಾರು ಒಂದು ಚುಕ್ಕೆ. ಮೂವತ್ತೊಂದು ವರ್ಷ ಕಿವಿ ಕಿವುಡಾಗಿಸಿದ ಮೋಟಾರು ಅಲ್ಲಿ ಸದ್ದೇ ಮಾಡುತ್ತಿರಲಿಲ್ಲ. ಅವಳು ಒಂದು ಗುಂಡಿ ಒತ್ತಿದರೆ ಇಪ್ಪತ್ತನಾಲ್ಕು ಗಂಟೆ ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿ ಹೋಗುತ್ತಿತ್ತು. ಡಬ್ಬಿ ತುಂಬಿ ಖಾಲಿಯಾಗುತ್ತಿತ್ತು. ಇಷ್ಟಕ್ಕೇ ನಾನು ಇಷ್ಟು ವರ್ಷ ತೆಗೆದುಕೊಂಡೆನಲ್ಲ ಎಂದು ಅವನಿಗೆ ನಗುವೂ ಬಂತು, ಸುಸ್ತೂ ಆಯಿತು.

"ನಿಮ್ಮ ಟ್ಯಾಂಕ್ ಬಗ್ಗೆ ನಾಲ್ಕು ವಿಷಯ ಗೊತ್ತಾದ್ರೆ ಸಾಕು ಅಂಕಲ್," ಎಂದಳು ಪ್ರಿಯದರ್ಶಿನಿ. "ತಳ ಎಷ್ಟು ಎತ್ತರದಲ್ಲಿದೆ, ಅಗಲ ಎಷ್ಟು, ಕಮ್ಮಿ ಅಂದ್ರೆ ಎಷ್ಟು ನೀರಿರುತ್ತೆ, ಜಾಸ್ತಿ ಅಂದ್ರೆ ಎಷ್ಟು."

ಮೊದಲ ಎರಡು ನಕ್ಷೆಯಲ್ಲಿದ್ದವು. ಮೂರನೆಯದಕ್ಕೆ ಸೊನ್ನೆ ಎಂದ. ನಾಲ್ಕನೆಯದಕ್ಕೆ ಅವನು ತಲೆಯೆತ್ತಿ ಹಲಗೆ ನೋಡಿದ. ಟ್ಯಾಂಕಿನ ಕಂಬಕ್ಕೆ ಬಡಿದ ಉದ್ದನೆಯ ಬಿಳಿ ಹಲಗೆ ಅದು. ಟ್ಯಾಂಕಿನೊಳಗೆ ಒಂದು ತೇಲುಬುರುಡೆ ಇದೆ. ಅದಕ್ಕೆ ಕಟ್ಟಿದ ತಂತಿ ಮೇಲಿನ ರಾಟೆ ದಾಟಿ ಹೊರಗೆ ಇಳಿದು, ತುದಿಯಲ್ಲಿ ಒಂದು ಕೆಂಪು ಮುಳ್ಳನ್ನು ಹಿಡಿದುಕೊಂಡಿದೆ. ಒಳಗೆ ನೀರು ಏರಿದಷ್ಟೂ ಹೊರಗೆ ಮುಳ್ಳು ಇಳಿಯುತ್ತದೆ. ಹಲಗೆಯ ಮೇಲೆ ಸೊನ್ನೆಯಿಂದ ನಾಲ್ಕೂವರೆ ಮೀಟರಿನವರೆಗೆ ಕಪ್ಪು ಅಂಕಿಗಳು. ಅದರ ಕೆಳಗೆ ನೀಲಿ ಬಣ್ಣದಲ್ಲಿ "ನೀರು ಅಮೂಲ್ಯ, ಮಿತವಾಗಿ ಬಳಸಿ" ಎಂಬ ಬರಹ.

"ನಾಲ್ಕೂವರೆ," ಎಂದ ಮುನಿರಾಜಪ್ಪ. ಅದು ಬಾಯಿಂದ ಸಲೀಸಾಗಿ ಬಂತು. ಬಂದ ಮೇಲೆ ಏನೋ ಚುಚ್ಚಿದಂತಾಯಿತು, ನಿಜ. ಆದರೆ ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದದ್ದನ್ನೇ ಇವತ್ತೂ ಹೇಳಿದ್ದೇನೆ, ಇದರಲ್ಲಿ ಹೊಸದೇನಿದೆ ಎಂದು ಅವನು ಆ ಚುಚ್ಚನ್ನು ಅಲ್ಲೇ ಅದುಮಿದ.

ಪಂಪು ಎಷ್ಟು ನೀರೆತ್ತುತ್ತದೆ ಎಂಬುದಕ್ಕೆ ಅಲ್ಲಿ ಮೀಟರೇ ಇರಲಿಲ್ಲ. ಐದು ಗಂಟೆಯಲ್ಲಿ ಟ್ಯಾಂಕು ಎಷ್ಟು ತುಂಬುತ್ತದೋ ಅದರಿಂದಲೇ ಪಂಪಿನ ಶಕ್ತಿ ಲೆಕ್ಕ ಹಾಕಿಕೊಂಡಳು ಪ್ರಿಯದರ್ಶಿನಿ. ರಿಜಿಸ್ಟರು, ಹಲಗೆ, ನಕ್ಷೆ ಮೂರೂ ಒಂದೇ ಮಾತು ಹೇಳುತ್ತಿದ್ದಾಗ ಯಾರು ತಾನೇ ಅನುಮಾನಪಟ್ಟಾರು? ಟ್ಯಾಂಕಿನಿಂದ ಊರಿಗೆ ಹೋಗುವ ಪೈಪಿಗೆ ಮಾತ್ರ ಎರಡು ತಿಂಗಳ ಹಿಂದೆ ಹೊಸ ಮೀಟರು ಬಂದಿತ್ತು. ಆ ಮೀಟರು ಬೇರೆಯೇ ಮಾತು ಹೇಳಿತು.

ಏಪ್ರಿಲ್ ಮೊದಲ ವಾರ ಇಂದಿರಾನಗರದ ಕಚೇರಿಯಲ್ಲಿ ಸಭೆ. ಪಂಪ್ ಆಪರೇಟರುಗಳು ಬಾಗಿಲ ಹತ್ತಿರ ನಿಂತಿದ್ದರು. ಪ್ರಿಯದರ್ಶಿನಿ ಪರದೆಯ ಮೇಲೆ ಎರಡು ಗೆರೆ ತೋರಿಸಿದಳು. ಟ್ಯಾಂಕಿನಿಂದ ಇಳಿದ ನೀರಿನದು ಒಂದು, ಮೀಟರು ದಾಟಿದ ನೀರಿನದು ಇನ್ನೊಂದು. ಎರಡೂ ಸೇರುತ್ತಲೇ ಇರಲಿಲ್ಲ. ನೀರು ಬಿಡುವ ಪ್ರತಿ ಬೆಳಿಗ್ಗೆಯೂ ಟ್ಯಾಂಕಿಗೂ ಮೀಟರಿಗೂ ನಡುವೆ ಮೂರು ಲಕ್ಷ ಲೀಟರಿಗೂ ಹೆಚ್ಚು ನೀರು ಕಾಣೆಯಾಗುತ್ತಿದೆ, ಕಾರಣ ಇನ್ನೂ ಗೊತ್ತಾಗಿಲ್ಲ ಎಂದಳು. ಅವಳು ಯಾರ ಹೆಸರನ್ನೂ ಎತ್ತಲಿಲ್ಲ.

ಹೆಸರು ಎತ್ತುವುದಕ್ಕೆ ಕಚೇರಿಯಲ್ಲಿ ಬೇಕಾದಷ್ಟು ಜನರಿದ್ದರು. ಮೂರು ಲಕ್ಷ ಎಂದರೆ ಐವತ್ತು ಟ್ಯಾಂಕರ್. ಮೀಟರಿಗಿಂತ ಮೊದಲು ಟ್ಯಾಂಕು ತೊಳೆದ ನೀರು ಹೊರಬಿಡುವ ಒಂದು ಪೈಪಿದೆ, ಅದರ ಬಾಯಿಗೆ ಲಾರಿ ನಿಲ್ಲಿಸಬಹುದು. ಬೆಳಗಿನ ಪಾಳಿ ಭೀಮೇಶನದು, ವಾಲ್ವಿನ ಕೀಲಿ ಭೀಮೇಶನದು. ಇಷ್ಟರ ಮೇಲೆ ಅವನ ಬಾಮೈದ ಕೆಂಪರಾಜ್ ಮಹದೇವಪುರದಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಇದಕ್ಕಿಂತ ಸಾಕ್ಷಿ ಬೇಕೇ? ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ಅವತ್ತು ಸಂಜೆಯೇ ಕಂಟ್ರಾಕ್ಟರ್ ಫೋನಿನಲ್ಲಿ ಹೇಳಿ ಕೈತೊಳೆದುಕೊಂಡ. ಮುನಿರಾಜಪ್ಪನನ್ನು ಯಾರೂ ಏನೂ ಕೇಳಲಿಲ್ಲ. ಅವನ ಪುಸ್ತಕ ಅಷ್ಟು ಚೆನ್ನಾಗಿತ್ತು.

ಮೂರು ಲಕ್ಷ ಎಂದು ಕಿವಿಗೆ ಬಿದ್ದ ಕ್ಷಣವೇ ಮುನಿರಾಜಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟಿದ್ದ. ಹತ್ತು ಲಕ್ಷದಲ್ಲಿ ಮೂರನೆಯ ಒಂದು ಭಾಗ. ಆ ನೀರು ಎಲ್ಲಿದೆ ಎಂಬುದು ಆ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅದು ಎಲ್ಲಿಯೂ ಇರಲಿಲ್ಲ. ಹದಿನಾಲ್ಕು ವರ್ಷದಿಂದ ಆ ಟ್ಯಾಂಕಿನಲ್ಲಿ ಅಷ್ಟು ನೀರು ಒಂದು ದಿನವೂ ತುಂಬಿರಲಿಲ್ಲ. ಇಲ್ಲದ ನೀರನ್ನು ಯಾರು ಕದ್ದಾರು?

ಅವನು ಹಾರಿಸುತ್ತಿದ್ದ ಸಾಲು ಇದು. ಟ್ಯಾಂಕು ಕಟ್ಟಿ ಮೂರೇ ವರ್ಷಕ್ಕೆ ಅದರ ಪೂರ್ವದ ಗೋಡೆಯಲ್ಲಿ ಬಿರುಕು ಬಿಟ್ಟಿತು. ನೀರು ಮೂರು ಮೀಟರು ದಾಟಿದರೆ ಗೋಡೆ ಬೆವರುತ್ತಿತ್ತು. ಆಗಿದ್ದ ಸಾಹೇಬರು ಬಂದು ನೋಡಿದರು. ರಿಪೋರ್ಟು ಬರೆದರೆ, ಇದನ್ನು ಗಟ್ಟಿ ಇದೆ ಎಂದು ಒಪ್ಪಿಕೊಂಡು ಸಹಿ ಹಾಕಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಸಹಿ ಅವರದೇ. ಅದಕ್ಕೆ ಅವರು ಬಿರುಕಿಗೆ ಸಿಮೆಂಟು ಮೆತ್ತಿಸಿ, ಮೂರು ಮೀಟರಿಗಿಂತ ಮೇಲೆ ತುಂಬಬೇಡ ಎಂದು ಮುನಿರಾಜಪ್ಪನಿಗೆ ಬಾಯಲ್ಲೇ ಹೇಳಿದರು. ಪುಸ್ತಕದಲ್ಲಿ ಮಾತ್ರ ನಾಲ್ಕೂವರೆ ಎಂದೇ ಬರೆ ಎಂದರು.

ಸುಳ್ಳನ್ನು ದಿನಾ ಕೈಯಾರೆ ಬರೆಯುವುದು ಮುನಿರಾಜಪ್ಪನಿಗೆ ಹಿಡಿಸಲಿಲ್ಲ. ಅವನು ಹಾಗೆಂದ ಕೂಡ. ಸಾಹೇಬರು ನಕ್ಕು, ಹಾಗಾದರೆ ಹಲಗೆಯನ್ನೇ ತಿದ್ದಪ್ಪ, ನಿನ್ನ ಅಕ್ಷರ ಚೆನ್ನಾಗಿದೆ ಎಂದರು. ಒಂದು ಭಾನುವಾರ ಅವನು ಹಳೆಯ ಅಂಕಿಗಳನ್ನು ಕೆರೆದು, ಬಿಳಿ ಬಳಿದು, ಮೂರು ಮೀಟರಿನ ಜಾಗದಲ್ಲಿ ನಾಲ್ಕೂವರೆ ಬರುವ ಹಾಗೆ ಎಲ್ಲ ಅಂಕಿಗಳನ್ನೂ ಒತ್ತೊತ್ತಾಗಿ ಬರೆದ. ಕೆಳಗೆ ಒಂದೂವರೆ ಮೀಟರು ಖಾಲಿ ಉಳಿಯಿತು. ಖಾಲಿ ಕಂಡರೆ ಯಾರಾದರೂ ಕೇಳಿಯಾರು ಎಂದು ಅಲ್ಲಿ ನೀರು ಅಮೂಲ್ಯ ಎಂದು ಬರೆದ. ಅವತ್ತಿನಿಂದ ಅವನು ಒಂದು ಸುಳ್ಳನ್ನೂ ಬರೆಯಲಿಲ್ಲ. ಹಲಗೆ ನೋಡಿದ, ಹಲಗೆ ಹೇಳಿದ್ದನ್ನು ಬರೆದ. ಆಮೇಲೆ ಬಂದ ಭೀಮೇಶನೂ ಹಲಗೆಯನ್ನೇ ನಂಬಿದ. ಈ ಟ್ಯಾಂಕು ಯಾವತ್ತೂ ತುಂಬಿ ಚೆಲ್ಲುವುದಿಲ್ಲವಲ್ಲ ಅಣ್ಣ ಎಂದು ಅವನೊಮ್ಮೆ ಕೇಳಿದ್ದಕ್ಕೆ, ಮೋಟಾರು ಆರಿಸುವವನು ನಾನಲ್ಲವೇನೋ ಎಂದು ಮುನಿರಾಜಪ್ಪ ಎದೆ ಉಬ್ಬಿಸಿದ್ದ. ಆ ಸಾಹೇಬರು ನಿವೃತ್ತರಾಗಿ, ತೀರಿಕೊಂಡೂ ಆರು ವರ್ಷವಾಗಿತ್ತು. ಅವರು ಹೇಳಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ.

ಹೇಳಬೇಕು ಎಂದು ಮೊದಲ ದಿನವೇ ಅನಿಸಿತು. ಹೇಳಿದರೆ ಏನಾಗುತ್ತದೆ ಎಂಬುದೂ ಜೊತೆಯಲ್ಲೇ ಅನಿಸಿತು. ಸರ್ಕಾರಿ ದಾಖಲೆ ತಿದ್ದಿದ್ದಕ್ಕೆ ಇಲಾಖಾ ವಿಚಾರಣೆ. ವಿಚಾರಣೆ ನಡೆಯುತ್ತಿದ್ದರೆ ಪಿಂಚಣಿಗೆ ತಡೆ. ಹಲಸೂರಿನ ಪಂಪ್‌ಹೌಸಿನ ಅವನ ಜೊತೆಗಾರನೊಬ್ಬ ಕಾಣೆಯಾದ ಒಂದು ಮೋಟಾರಿನ ವಿಚಾರಣೆಗೆ ಸಿಕ್ಕಿ, ನಿವೃತ್ತಿಯಾದ ಮೇಲೂ ನಾಲ್ಕು ವರ್ಷ ಕಚೇರಿ ಅಲೆದು, ತೀರ್ಪು ಬರುವ ಮುಂಚೆ ಹಾಸಿಗೆ ಹಿಡಿದಿದ್ದ. ಮುನಿರಾಜಪ್ಪನಿಗೆ ಅಷ್ಟು ಅಲೆಯುವ ಕಾಲೂ ಇರಲಿಲ್ಲ. ನಾಳೆ ನೋಡೋಣ ಎಂದುಕೊಂಡ. ಮಾರನೆಯ ದಿನವೂ ನಾಳೆ ನೋಡೋಣ ಎಂದುಕೊಂಡ. ಹುಡುಗಿ ಜಾಣೆ, ಅವಳೇ ಕಂಡುಹಿಡಿದಾಳು ಎಂದೂ ಆಸೆಪಟ್ಟ. ಮಾಡಬೇಕಾದವನು ಸುಮ್ಮನಿದ್ದು ಬೇರೆಯವರ ಜಾಣತನದ ಮೇಲೆ ಭಾರ ಹಾಕುವುದಕ್ಕಿಂತ ಸುಲಭದ ಕೆಲಸ ಲೋಕದಲ್ಲಿಲ್ಲ.

ಬೆಳಗಿನ ನೀರನ್ನೂ ಈಗ ಅವನೇ ಬಿಡಬೇಕಾಗಿ ಬಂತು. ಬಗ್ಗಿ ಕೀಲಿ ತಿರುಗಿಸುವಾಗ ಮೊಣಕಾಲು ಕಿರುಗುಡುತ್ತಿತ್ತು. ಕಾಫಿಗೆ ಮನೆಗೆ ಬಂದರೆ ಗೋವಿಂದಮ್ಮ ಅಭ್ಯಾಸಬಲದಿಂದ ಎರಡು ಲೋಟ ಇಟ್ಟು, ಒಂದನ್ನು ಸುಮ್ಮನೆ ಒಳಗೆ ತೆಗೆದುಕೊಂಡು ಹೋಗುತ್ತಿದ್ದಳು. ಆ ಹುಡುಗ ಹಾಗೆ ಮಾಡಿದ್ದಾನಾ ಎಂದು ಅವಳು ಒಂದೇ ಸಲ ಕೇಳಿದಳು. ಇಲ್ಲ ಎಂದ ಅವನು. ಮತ್ತೆ ಯಾರು ಎಂದು ಅವಳು ಕೇಳುವ ಮೊದಲೇ ಎದ್ದು ಹೋದ.

ಐದನೆಯ ದಿನ ಬಸ್ಸು ಹಿಡಿದು ಶಿವಾಜಿನಗರಕ್ಕೆ ಹೋದ. ಅಲ್ಲಿ ಹಾಶಿಮ್‌ನ ಮೋಟಾರ್ ರಿವೈಂಡಿಂಗ್ ಅಂಗಡಿ. ಪಂಪ್‌ಹೌಸಿನ ಮೋಟಾರು ಸುಟ್ಟಾಗಲೆಲ್ಲ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತಿಕೊಟ್ಟವನು ಅವನೇ. ಇಪ್ಪತ್ತೈದು ವರ್ಷದ ಸ್ನೇಹ. ಮುನಿರಾಜಪ್ಪ ಎಲ್ಲವನ್ನೂ ಹೇಳಿದ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲಿಯೇ. ಆ ಮೋಟಾರು ಐದು ಗಂಟೆಯಲ್ಲಿ ಹತ್ತು ಲಕ್ಷ ಲೀಟರ್ ಎತ್ತುತ್ತದೆ ಎಂದು ಕಂಪ್ಯೂಟರು ನಂಬಿದೆ ಎಂಬ ಮಾತಿಗೆ ಹಾಶಿಮ್ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ನಕ್ಕ. ಅದರ ಯೋಗ್ಯತೆ ನನಗೆ ಗೊತ್ತಿಲ್ಲವಾ ಎಂದ. ನಗು ಮುಗಿದ ಮೇಲೆ ಇಕ್ಕಳವನ್ನು ಮತ್ತೆ ಕೈಗೆತ್ತಿಕೊಂಡ.

"ಆರು ತಿಂಗಳು ಅಲ್ವಾ ಭಾಯ್," ಎಂದ ಕೊನೆಗೆ. "ಚುಪ್ ಇದ್ಬಿಡು. ಆ ಹುಡುಗನ್ಗೆ ವಯಸ್ಸಿದೆ, ಎಲ್ಲಾದ್ರೂ ಕೆಲ್ಸ ಸಿಕ್ತದೆ. ನಿನ್ಗೆ ಯಾರು ಕೊಡ್ತಾರೆ?"

ಹೇಳಿಬಿಡು ಎಂದು ಅವನಿಂದ ಗದರಿಸಿಕೊಳ್ಳುವುದಕ್ಕೇ ತಾನು ಅಷ್ಟು ದೂರ ಹೋದದ್ದೆಂಬುದು ಮುನಿರಾಜಪ್ಪನಿಗೆ ಆಗ ಗೊತ್ತಾಯಿತು. ಹಾಶಿಮ್ ಕೆಟ್ಟದ್ದೇನೂ ಹೇಳಿರಲಿಲ್ಲ. ಸ್ನೇಹಿತ ಹೇಳುವುದನ್ನೇ ಹೇಳಿದ್ದ. ಚಹಾ ಕುಡಿದು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಹಲಸೂರು ದಾಟುವವರೆಗೂ ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ನಿದ್ದೆ ಬರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಪಂಪ್‌ಹೌಸಿಗೆ ಹೊರಟಿದ್ದಾಗ ಬುದ್ಧವಿಹಾರದ ಮುಂದಿನ ಬೀದಿ ನಲ್ಲಿಯ ಹತ್ತಿರ ಮಂಜುಳಮ್ಮನನ್ನು ಕಂಡ. ಬೆಳಿಗ್ಗೆ ಏಳಕ್ಕೆ ಆ ನಲ್ಲಿಗೆ ಧಾರಾಳವಾಗಿ ನೀರು ಬರುತ್ತದೆ, ಅದನ್ನು ಬಿಟ್ಟವನು ಅವನೇ. ಮಧ್ಯಾಹ್ನ ಒಂದರ ಬಿಸಿಲಿನಲ್ಲಿ ಪೈಪಿನಲ್ಲಿ ಉಳಿದದ್ದು ಮಾತ್ರ ತೊಟ್ಟಿಕ್ಕುತ್ತದೆ. ಮೂರು ಪ್ಲಾಸ್ಟಿಕ್ ಬಿಂದಿಗೆ ಇಟ್ಟುಕೊಂಡು ಅವಳು ಆ ತೊಟ್ಟನ್ನೇ ನೋಡುತ್ತ ಕುಕ್ಕರಗಾಲಿನಲ್ಲಿ ಕೂತಿದ್ದಳು. ಮೊದಲನೆಯ ಬಿಂದಿಗೆಯೇ ಅರ್ಧ ತುಂಬಿರಲಿಲ್ಲ.

ಬೆಳಿಗ್ಗೆ ಯಾಕೆ ಹಿಡಿಯಲಿಲ್ಲ ಎಂದು ಅವನು ಕೇಳಿದ. ಕೇಳಬಾರದಿತ್ತು. ಅವಳು ತಲೆಯೆತ್ತಲಿಲ್ಲ.

"ಬೆಳಿಗ್ಗೆ ಹೆಂಗಸ್ರೆಲ್ಲಾ ಇರ್ತಾರಲ್ಲಣ್ಣ," ಎಂದಳು. "ನಿಮಗ್ಯಾಕಮ್ಮ ನಲ್ಲಿ ನೀರು, ಟ್ಯಾಂಕರೇ ಮನೆ ಮುಂದೆ ನಿಲ್ಲುತ್ತಲ್ಲ ಅಂತಾರೆ. ಈಗಾದ್ರೆ ಯಾರೂ ಇರಲ್ಲ."

ಮುನಿರಾಜಪ್ಪ ನಲ್ಲಿಯನ್ನು ಇನ್ನಷ್ಟು ತಿರುಗಿಸಿ ನೋಡಿದ, ತೊಟ್ಟು ಹೆಚ್ಚಲಿಲ್ಲ. ಅವಳ ಪಕ್ಕದಲ್ಲಿ ಕೂರಲೂ ಆಗದೆ, ಹೊರಡಲೂ ಆಗದೆ, ಬಿಸಿಲಿನಲ್ಲಿ ಹಾಗೇ ನಿಂತ. ಅವನಿಗೆ ನಾಚಿಕೆಯಾಯಿತು. ಆ ನಾಚಿಕೆ ವಿಚಾರಣೆಯ ಭಯಕ್ಕಿಂತ ದೊಡ್ಡದಾಗಿತ್ತು. ಧೈರ್ಯ ಬಂದದ್ದರಿಂದ ಅವನು ಹೇಳಲು ಹೋದನೆಂದು ಯಾರೂ ತಿಳಿಯಬಾರದು. ಇನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ, ಅಷ್ಟೇ.

ಪಂಪ್‌ಹೌಸಿನಲ್ಲಿ ಪ್ರಿಯದರ್ಶಿನಿ ಇದ್ದಳು. ಅವಳಿಗೂ ಮುಖದಲ್ಲಿ ಗೆಲುವಿರಲಿಲ್ಲ. ನಾನು ಲೆಕ್ಕ ಹೇಳಿದೆ, ಅವರು ಕಳ್ಳನನ್ನು ಹಿಡಿದರು ಎಂದು ಹಿಂದಿನ ವಾರವೇ ಒಮ್ಮೆ ಬೇಸರದಿಂದ ಅಂದಿದ್ದಳು. ಗೆರೆಗಳು ಎಲ್ಲಿ ತಪ್ಪುತ್ತಿವೆ ಎಂದು ಅಗಲ ತಿದ್ದಿ, ಪೈಪಿನ ಒರಟುತನ ತಿದ್ದಿ, ದಿನಕ್ಕೆ ನೂರು ಸಲ ಡಬ್ಬಿ ತುಂಬಿಸಿ ಖಾಲಿ ಮಾಡುತ್ತಿದ್ದಳು. ಮುನಿರಾಜಪ್ಪ ಗೋಡೆಯ ಮೊಳೆಯಿಂದ ಏಣಿಯ ಬಾಗಿಲಿನ ಬೀಗದ ಕೈ ತೆಗೆದುಕೊಂಡ.

"ಮೇಡಂ, ಮೇಲೆ ಹತ್ತೋಕಾಗುತ್ತಾ?" ಎಂದ. "ಟೇಪು ತಗೊಳ್ಳಿ."

ಅರವತ್ತೆರಡು ಮೆಟ್ಟಿಲು. ಮುನಿರಾಜಪ್ಪ ಹತ್ತದೆ ನಾಲ್ಕು ವರ್ಷವಾಗಿತ್ತು. ಪ್ರತಿ ಹತ್ತು ಮೆಟ್ಟಿಲಿಗೆ ನಿಂತ. ನೀವು ಇಲ್ಲೇ ಇರಿ, ನಾನೇ ನೋಡಿ ಬರುತ್ತೇನೆ ಎಂದು ಅವಳು ಎರಡು ಸಲ ಹೇಳಿದಳು. ಅವನು ತಲೆಯಾಡಿಸಿ ಮತ್ತೆ ಹತ್ತಿದ. ಮೇಲೆ ಹೋಗಿ ಮುಚ್ಚಳ ಸರಿಸಿ ಟಾರ್ಚು ಬಿಟ್ಟಾಗ ಒಳಗೋಡೆಯ ಮೇಲೆ ನೀರಿನ ಕಲೆ ಸುತ್ತಲೂ ಒಂದೇ ಮಟ್ಟದಲ್ಲಿ ಕಂಡಿತು. ಅದರಿಂದ ಮೇಲಕ್ಕೆ ಗೋಡೆ ಒಣಗಿ ಬಿಳಿಚಿಕೊಂಡಿತ್ತು. ಪೂರ್ವದ ಕಡೆ ಆ ಕಲೆಗಿಂತ ಸ್ವಲ್ಪ ಮೇಲೆ ಮೆತ್ತಿದ ಸಿಮೆಂಟಿನ ಪಟ್ಟಿ ಇತ್ತು. ಅವಳು ಟೇಪು ಇಳಿಬಿಟ್ಟಳು. ತಳದಿಂದ ಕಲೆಯವರೆಗೆ ಮೂರು ಮೀಟರು, ಒಂದು ಬೆರಳು ಕಮ್ಮಿ. ಮತ್ತೊಮ್ಮೆ ಅಳೆದಳು. ಆಮೇಲೆ ಕೆಳಗಿನ ಹಲಗೆಯ ಕಡೆ ಬಗ್ಗಿ ನೋಡಿ, ಆಮೇಲೆ ಅವನ ಮುಖ ನೋಡಿದಳು.

"ಹಲಗೆ ಬರೆದಿದ್ದು ನಾನು," ಎಂದ ಮುನಿರಾಜಪ್ಪ.

ಟ್ಯಾಂಕಿನ ನೆತ್ತಿಯ ಮೇಲೆ ಕೂತು ಅವನು ಎಲ್ಲ ಹೇಳಿದ. ಅವಳು ಕೆಳಗಿಳಿದು ಬಂದು ಲ್ಯಾಪ್‌ಟಾಪಿನಲ್ಲಿ ಟ್ಯಾಂಕಿನ ಅಂಕಿಗಳ ಚೌಕ ತೆರೆದು, ನಾಲ್ಕೂವರೆ ಅಳಿಸಿ ಮೂರು ಎಂದು ಬರೆದಳು. ಮೂರು ಮೀಟರು ನೀರಿಗೆ ಎಷ್ಟಾಗುತ್ತದೋ ಅಷ್ಟಕ್ಕೆ ಪಂಪಿನ ಶಕ್ತಿಯನ್ನೂ ಇಳಿಸಿದಳು. ಗುಂಡಿ ಒತ್ತಿದಳು. ಎರಡು ಗೆರೆಗಳೂ ಒಂದರ ಮೇಲೊಂದು ಮಲಗಿದವು. ಮೂರು ಲಕ್ಷ ಲೀಟರ್ ನೀರು ಅಲ್ಲಿಗೆ ಸಿಕ್ಕಿಬಿಟ್ಟಿತು. ಗಳಿಗೆ ಹೊತ್ತಿನ ಕೆಲಸಕ್ಕೆ ಒಂಬತ್ತು ದಿನ ಒಬ್ಬ ಮನುಷ್ಯ ಕಳ್ಳನೆನಿಸಿಕೊಂಡಿದ್ದ.

ಇದನ್ನು ನೀವೇ ಬರೆದುಕೊಟ್ಟರೆ ಒಳ್ಳೆಯದು, ನಾನು ಹೇಳಿದರೆ ಕಂಪ್ಯೂಟರ್ ತಪ್ಪು ಎಂದು ತಳ್ಳಿಹಾಕುತ್ತಾರೆ ಎಂದಳು ಪ್ರಿಯದರ್ಶಿನಿ. ನಿಮಗೆ ತೊಂದರೆಯಾಗುತ್ತಲ್ಲ ಎಂದೂ ಕೇಳಿದಳು. ಮುನಿರಾಜಪ್ಪ ಬಿಳಿ ಹಾಳೆ ಕೇಳಿ ತೆಗೆದುಕೊಂಡು, ತೀರಿಕೊಂಡ ಸಾಹೇಬರ ಹೆಸರು ಎತ್ತದೆ, ಮೇಲಿನವರ ಬಾಯಿ ಮಾತಿನ ಮೇರೆಗೆ ಹಲಗೆಯನ್ನು ನಾನೇ ತಿದ್ದಿದ್ದೇನೆ, ನೀರು ಬಿಡುತ್ತಿದ್ದ ಭೀಮೇಶನಿಗೆ ಈ ವಿಷಯ ತಿಳಿದಿಲ್ಲ, ಅವನು ಒಂದು ಬಿಂದಿಗೆ ನೀರನ್ನೂ ಕದ್ದವನಲ್ಲ ಎಂದು ಬರೆದು ಸಹಿ ಹಾಕಿದ. ಕಚೇರಿಯಲ್ಲಿ ಆ ಹಾಳೆ ನೋಡಿದವರೆಲ್ಲ ಮೊದಲು ಅಕ್ಷರವನ್ನೇ ಹೊಗಳಿದರು. ಆಮೇಲೆ ಓದಿದರು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದು ಈಗ ಯಾಕಯ್ಯ ಬಿಚ್ಚಿದೆ ಎಂದು ಈಗಿನ ಸಾಹೇಬರು ರೇಗಿದರು. ಅವರಿಗೆ ಕಳ್ಳ ಸಿಕ್ಕಿದ್ದೇ ಅನುಕೂಲವಾಗಿತ್ತು. ಬಿರುಕು ಬಿಟ್ಟ ಟ್ಯಾಂಕು ಸಿಕ್ಕಿದರೆ ಅದನ್ನು ಏನು ಮಾಡುವುದು? ಎರಡು ದಿನಕ್ಕೆ ಮುನಿರಾಜಪ್ಪನಿಗೆ ನೋಟಿಸು ಬಂತು. ಭೀಮೇಶ ಸೋಮವಾರದಿಂದ ಕೆಲಸಕ್ಕೆ ಬರಬಹುದು ಎಂಬ ಮಾತೂ ಬಂತು.

ನೋಟಿಸನ್ನು ಗೋವಿಂದಮ್ಮನಿಗೆ ಓದಿ ಹೇಳಿದ. ಪಿಂಚಣಿ ನಿಲ್ಲಬಹುದು ಎಂದೂ ಹೇಳಿದ. ಅವಳು ಮುದ್ದೆ ಬಡಿಸಿ, ಯಮುನಾಗೆ ಈಗಲೇ ಹೇಳುವುದು ಬೇಡ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಹೋಗಿ ಆ ಹುಡುಗನಿಗೆ ನೀನೇ ಹೇಳಿ ಬಾ ಎಂದಳು.

ಭೀಮೇಶನ ಮನೆ ಮೂರು ಓಣಿ ಆಚೆ. ಬಾಗಿಲು ಹಾಕಿತ್ತು. ಹಗಲಲ್ಲೂ ಬಾಗಿಲು ಹಾಕಿಕೊಂಡಿರುವ ಮನೆ ಆ ಓಣಿಯಲ್ಲಿ ಅದೊಂದೇ. ಮಂಜುಳಮ್ಮ ತೆರೆದಳು. ಸೋಮವಾರದಿಂದ ಕೆಲಸಕ್ಕೆ ಬರಬೇಕಂತೆ, ಯಾರೂ ಏನೂ ಕದ್ದಿಲ್ಲ ಎಂದು ಗೊತ್ತಾಗಿದೆ, ನನಗೆ ನೋಟಿಸು ಬಂದಿದೆ, ಪಿಂಚಣಿ ನಿಂತರೂ ನಿಲ್ಲಬಹುದು, ಟ್ಯಾಂಕಿನದೇ ತಪ್ಪು, ಹಲಗೆಯದು, ನನ್ನದು ಎಂದು ಮುನಿರಾಜಪ್ಪ ನಿಂತುಕೊಂಡೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವಳು ನನ್ನದು ಎಂಬುದನ್ನು ಕೇಳಿಸಿಕೊಂಡಳೋ ಇಲ್ಲವೋ. ಅಳುತ್ತ ಅವನ ಎರಡೂ ಕೈ ಹಿಡಿದುಕೊಂಡಳು. ನಿಮ್ಮ ಪಿಂಚಣಿ ಹೋದರೂ ಸರಿ ಎಂದು ನನ್ನ ಮಗನ ಮಾನ ಉಳಿಸಿದಿರಿ ಅಣ್ಣ, ನೀವು ತಣ್ಣಗಿರಿ ಎಂದು ಹರಸಿದಳು. ಆ ಹರಕೆ ಅವನ ಮೈಗೆ ಬಿಸಿ ನೀರಿನಂತೆ ಬಿತ್ತು. ಕೈ ಬಿಡಿಸಿಕೊಳ್ಳಲೂ ಅವನಿಗೆ ತೋಚಲಿಲ್ಲ.

ಭೀಮೇಶ ಗೋಡೆಗೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ಕಾಫಿ ಕುಡಿದಾದ ಮೇಲೆ ಮುನಿರಾಜಪ್ಪ ಎದ್ದಾಗ ಅವನೂ ಎದ್ದು, ಓಣಿಯ ತಿರುವಿನವರೆಗೆ ಜೊತೆಗೆ ಬಂದ. ಎದುರಾದ ಇಬ್ಬರು ಹೆಂಗಸರು ಅವನನ್ನು ನೋಡಿ ಮಾತು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಶುರು ಮಾಡಿದರು. ಕಚೇರಿಯ ಮಾತು ಓಣಿಗೆ ಬಂದು ಸೇರಲು ಇನ್ನೂ ಎಷ್ಟು ದಿನ ಬೇಕೋ.

ತಿರುವಿನಲ್ಲಿ ಭೀಮೇಶ ನಿಂತ.

"ಅಣ್ಣ, ಒಂದು ಕೇಳ್ತೀನಿ. ಅವತ್ತು ಆಫೀಸಲ್ಲಿ ಮೂರು ಲಕ್ಷ ಲೀಟರ್ ಅಂದ್ರಲ್ಲ, ಆಗ್ಲೇ ನಿಮಗೆ ಗೊತ್ತಾಯ್ತಾ? ಇಲ್ಲ, ಆಮೇಲೆ ಯಾವಾಗ್ಲೋ ಹೊಳೀತಾ?"

ಆಮೇಲೆ ಹೊಳೆಯಿತು ಎಂದರೆ ಮುಗಿದುಹೋಗುತ್ತಿತ್ತು. ವಯಸ್ಸಾಯಿತು, ಮರೆತಿದ್ದೆ, ಏಣಿ ಹತ್ತಿ ನೋಡಿದಾಗ ನೆನಪಾಯಿತು ಎಂದರೆ ಯಾರು ಬೇಕಾದರೂ ನಂಬುತ್ತಿದ್ದರು. ಭೀಮೇಶನಿಗೂ ಅದೇ ಬೇಕಾಗಿತ್ತು. ಅವನ ಕಣ್ಣು ಅದನ್ನೇ ಬೇಡುತ್ತಿತ್ತು. ಕೇಳುವಾಗಲೇ ಉತ್ತರವನ್ನೂ ಕೈಗೆ ಇಟ್ಟಿದ್ದ. ಮುನಿರಾಜಪ್ಪನಿಗೆ ಬಹಳ ದಣಿವಾಗಿತ್ತು. ಇನ್ನೊಂದು ಅಂಕಿ ತಿದ್ದುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಅಲ್ಲೇ ಗೊತ್ತಾಯ್ತು ಕಣಪ್ಪ," ಎಂದ. "ಅವರು ಹೇಳಿದ ತಕ್ಷಣ."

ಭೀಮೇಶ ಮೆಲ್ಲಗೆ ತಲೆಯಾಡಿಸಿದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಮುನಿರಾಜಪ್ಪ ಹೇಗೋ ತಡೆದುಕೊಳ್ಳುತ್ತಿದ್ದ.

"ಸೋಮವಾರ ಐದಕ್ಕೆ ಬರ್ತೀನಿ," ಎಂದ. "ವಾಲ್ವ್ ಕೀಲಿ ಹೊರಗಡೆನೇ ಇಟ್ಟಿರಿ ಸರ್, ನಾನೇ ತಗೋತೀನಿ."

ಎಂ‍ಟು ವರ್ಷದಲ್ಲಿ ಅವನು ಮುನಿರಾಜಪ್ಪನನ್ನು ಸರ್ ಎಂದದ್ದು ಅದೇ ಮೊದಲು.